ಬರಣಿಯ ಬಸುರಿ ಮೀನು

ಆ ಮೀನು ಬಸುರಿಯೇ ಆಗಿತ್ತು, ಮೆಹರುನ್ನಿಸಾ. ನೀನು ಹೇಳಿದ್ದು ನಿಜ. ನಿಜವೆಂದು ನನಗೆ ನಾಲ್ಕೇ ದಿನದಲ್ಲಿ ಗೊತ್ತಾಯಿತು; ಆದರೂ ಹತ್ತು ವರ್ಷ ನಿನ್ನ ಎದುರು ಬಾಯಿ ಬಿಡಲಿಲ್ಲ. ಬಾಯಿ ಬಿಡಲಿಲ್ಲ ಎಂದರೂ ಅದು ಪೂರ್ತಿ ಸತ್ಯವಲ್ಲ — ಬೇರೆಯವರ ಎದುರು ಬಿಟ್ಟೆ, ನಿನ್ನ ಮಾತನ್ನು ನನ್ನದೆಂದು ಹೇಳಿಕೊಳ್ಳಲು.

ಇದನ್ನು ಬರೆಯಲು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಎರಡನೆಯ ಸಾಲಿಗೇ ‘ಆಗಿನ ಪರಿಸ್ಥಿತಿಯಲ್ಲಿ’ ಎಂಬ ಮಾತು ತಾನಾಗಿ ಬಂದುಬಿಡುತ್ತಿತ್ತು, ಹರಿದು ಹಾಕುತ್ತಿದ್ದೆ. ಪರಿಸ್ಥಿತಿ ಏನೂ ಇರಲಿಲ್ಲ. ನಾನಿದ್ದೆ, ನೀನಿದ್ದೆ, ಗಾಜಿನ ಬರಣಿಯಲ್ಲಿ ಒಂದು ಮೀನಿತ್ತು. ನಿನ್ನೊಬ್ಬಳಿಗೇ ಪತ್ರ ಬರೆದು ಮುಗಿಸಬಹುದಿತ್ತು. ಆದರೆ ನಿನ್ನ ಮಾತಿಗೆ ಅವತ್ತು ಇಡೀ ತರಗತಿ ನಕ್ಕಿತು, ನಗಿಸಿದವನು ನಾನು. ಹಾಗಾಗಿ ಇದೂ ನಾಲ್ಕು ಜನ ಓದುವ ಹಾಗೆಯೇ ಇರಲಿ.

ನಾನು ಹಂಸಭಾವಿ ಕಡೆಯವನು. ನಮ್ಮ ಮನೆಯಲ್ಲಿ ಮೀನೆಂದರೆ ಕೆರೆಯಲ್ಲಿ ಕಾಣುವ ಪ್ರಾಣಿ, ತಾಟಿನಲ್ಲಿ ಕಾಣುವುದಲ್ಲ. ಧಾರವಾಡದಲ್ಲಿ ಓದಿದ್ದು ಸಸ್ಯಶಾಸ್ತ್ರ. ಶಿಗ್ಗಾಂವಿಯ ಕಾಲೇಜಿಗೆ ಅಧ್ಯಾಪಕನಾಗಿ ಸೇರಿದಾಗ ಅಲ್ಲಿ ಪ್ರಾಣಿಶಾಸ್ತ್ರಕ್ಕೆ ಯಾರೂ ಇರಲಿಲ್ಲ. ಎಲೆ ಹೂವಿನ ಜೊತೆಗೆ ಕಪ್ಪೆ, ಜಿರಲೆ, ಮೀನುಗಳೂ ನನ್ನ ಪಾಲಿಗೆ ಬಂದವು. ಹಿಂದಿದ್ದವರು ಬಿಟ್ಟುಹೋದ ಹಳದಿ ಹಾಳೆಯ ನೋಟ್ಸು ಕಪಾಟಿನಲ್ಲಿತ್ತು. ಅದನ್ನೇ ಓದುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ಅದರಲ್ಲಿ ಒಂದು ಸಾಲು — ಮೀನುಗಳು ಮೊಟ್ಟೆ ಇಡುತ್ತವೆ, ಶಾರ್ಕ್ ಕೂಡ ಇದಕ್ಕೆ ಹೊರತಲ್ಲ. ಆ ಸಾಲನ್ನು ಮೂರು ವರ್ಷ ಬರೆಸಿದ್ದೆ. ಪರೀಕ್ಷೆಯಲ್ಲಿ ಅದನ್ನೇ ತಿರುಗಿ ಬರೆದವರಿಗೆ ಅಂಕವನ್ನೂ ಹಾಕಿದ್ದೆ.

ಇನ್ನೊಂದು ಸುಳ್ಳೂ ಇತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಾರ್ಕ್ ಪಾಠ ಬಂದಾಗೆಲ್ಲ ನಾನು ಕಾರವಾರದ ಸಮುದ್ರದ ಕಥೆ ಹೇಳುತ್ತಿದ್ದೆ. ದಂಡೆಯಲ್ಲಿ ನಿಂತಿದ್ದೆ, ಬೆನ್ನಿನ ಈಜುರೆಕ್ಕೆ ನೀರನ್ನು ಸೀಳಿಕೊಂಡು ಬಂತು, ಎಂಟು ಅಡಿ ಇತ್ತು... ಮರುವರ್ಷ ಅದು ಹತ್ತು ಅಡಿಯಾಯಿತು. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನಾನು ಆಗ ಸಮುದ್ರವನ್ನೇ ಕಂಡಿರಲಿಲ್ಲ, ಮೆಹರುನ್ನಿಸಾ. ಸಮುದ್ರದ ದಾರಿಯಲ್ಲಿ ತಡಸದ ತನಕ ಹೋದದ್ದೇ ನನ್ನ ಪಡುವಣ ಪ್ರವಾಸ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ನೀನು ಬಂದೆ. ಸವಣೂರಿನಿಂದ ದಿನಾ ಬಸ್ಸು ಹತ್ತಿ ಬರುವ ಒಬ್ಬಳೇ ಹುಡುಗಿ. ನಿನ್ನ ತಂದೆ ಖಾದರಸಾಬರು ಒಣಮೀನಿನ ವ್ಯಾಪಾರಿ, ಸವಣೂರಿನಲ್ಲೂ ಶಿಗ್ಗಾಂವಿಯ ಸಂತೆಯಲ್ಲೂ ಅವರ ಅಂಗಡಿ ಇರುತ್ತಿತ್ತು. ಕಾರವಾರ, ಅಂಕೋಲೆಯ ದಂಡೆಯಿಂದ ಲಾರಿಯಲ್ಲಿ ಸರಕು ತರುತ್ತಿದ್ದರು. ಚಿಕ್ಕವಳಿದ್ದಾಗ ನೀನೂ ಅವರ ಜೊತೆ ಹೋಗುತ್ತಿದ್ದೆಯಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ನನಗೆ ಗೊತ್ತಿದ್ದದ್ದು ಇಷ್ಟೇ — ಮುಂದಿನ ಬೆಂಚಿನಲ್ಲಿ ಕೂರುವವಳು, ಅಕ್ಷರ ಚೆಂದ, ಚಿತ್ರ ಇನ್ನೂ ಚೆಂದ, ಬಿ.ಎಸ್ಸಿ. ಓದಬೇಕು ಎಂದು ಹಟ ಹಿಡಿದವಳು.

ನಮ್ಮ ಪ್ರಯೋಗಶಾಲೆಯಲ್ಲಿ ಇದ್ದದ್ದು ಒಂದೇ ಶಾರ್ಕ್. ಎರಡು ಅಡಿ ಉದ್ದದ್ದು, ಬಾಲ ಮಡಚಿಕೊಂಡು ಬರಣಿಯ ತಳದಲ್ಲಿ ಕುಳಿತಂತಿತ್ತು. ಕೆಡದಂತೆ ಹಾಕಿದ ಫಾರ್ಮಲಿನ್ ಔಷಧ ಕುಡಿದು ಬಣ್ಣ ಬೂದಿಯಾಗಿತ್ತು. ಹೊಟ್ಟೆ ಉಬ್ಬಿತ್ತು. ಔಷಧ ಜಾಸ್ತಿಯಾಗಿ ಉಬ್ಬಿದೆ ಎಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ, ಯಾರೂ ಎದುರು ಕೇಳಿರಲಿಲ್ಲ. ಅದನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟು, ಐದು ಕಿವಿರು ಸೀಳು, ಮರಳು ಕಾಗದದಂಥ ಚರ್ಮ, ಎಲುಬಿಲ್ಲದ ಮೆತ್ತನೆಯ ಅಸ್ಥಿಪಂಜರ ಎಂದೆಲ್ಲ ತೋರಿಸುತ್ತಿದ್ದೆ. ನೀನು ಬಗ್ಗಿ ಹೊಟ್ಟೆಯ ಕೆಳಗೆ ನೋಡಿದೆ.

“ಸರ್, ಇದು ಹೆಣ್ಣು ಐತ್ರಿ. ಗಂಡಾಗಿದ್ರ ಇಲ್ಲಿ ಎರಡು ಕಡ್ಡಿ ಇರತಿದ್ವು,” ಎಂದೆ. ಆಮೇಲೆ ಹೊಟ್ಟೆಯ ಮೇಲೆ ಒಂದು ಬೆರಳಿಟ್ಟು, ಮೆಲ್ಲಗೆ: “ಬಸುರಿ ಐತ್ರಿ ಸರ್ ಇದು.”

ಎಮ್ಮೆ ಆಕಳಿಗಾದರೆ ಗಬ್ಬ ಎನ್ನುತ್ತೇವೆ. ನೀನು ಬಸುರಿ ಎಂದೆ. ಹುಡುಗರು ತುಂಬಿದ ತರಗತಿಯಲ್ಲಿ ಹದಿನೇಳು ವರ್ಷದ ಹುಡುಗಿ ಆಡಿದ ಮಾತು ಅದು. ಆಗಲೂ ನಗು ಬಂದಿರಲಿಲ್ಲ, ನೆನಪಿಟ್ಟುಕೋ. ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. ನೀನೂ ನೋಡಿದೆ. ನೋಡಿ, ನನ್ನ ನೆರವಿಗೆ ಬರುವವಳ ಹಾಗೆ ಹೇಳಿದೆ —

“ನೀವು ಕಾರವಾರದಾಗ ನೋಡೀರಲ್ಲರಿ ಸರ್. ಹೊಟ್ಟಿ ಸೀಳಿದ್ರ ಮರಿ ಬೀಳತಾವಲ್ಲರಿ.”

ಅಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಹೌದು ಎಂದರೆ ಮೂರು ವರ್ಷದ ನೋಟ್ಸು ಸುಳ್ಳಾಗುತ್ತಿತ್ತು. ಗೊತ್ತಿಲ್ಲ ಎಂದರೆ ಹತ್ತು ಅಡಿಯ ಸಮುದ್ರದ ಕಥೆ ಸುಳ್ಳಾಗುತ್ತಿತ್ತು. ಇಷ್ಟೆಲ್ಲ ನಾನು ಆಗ ಲೆಕ್ಕ ಹಾಕಿದೆನೇ? ಇಲ್ಲ ಎಂದೇ ಅನ್ನಿಸುತ್ತದೆ. ಹಾಕಿದೆ ಎಂದೂ ಅನ್ನಿಸುತ್ತದೆ. ಬಾಯಿಗೆ ಬಂದದ್ದು ಇದು:

“ಮೀನ ಎಲ್ಲರೆ ಬಸುರಾಗತೈತೇನವಾ? ಹಂಗಾದ್ರ ಅದಕ್ಕ ಸೀಮಂತಾನೂ ಮಾಡೂಣು, ಬಳಿ ತೊಡಸೂಣು.”

ನಗು ಒಡೆಯಿತು. ಬೆಂಚು ಬಡಿದು ನಕ್ಕರು. ನಾನೂ ನಕ್ಕೆ. ನೀನು ಬೆರಳನ್ನು ಮೀನಿನ ಹೊಟ್ಟೆಯಿಂದ ತೆಗೆದು ಸೆರಗಿಗೆ ಒರೆಸಿಕೊಂಡು ಹಿಂದೆ ಹೋಗಿ ನಿಂತೆ.

ಅದು ಗುರುವಾರ. ಭಾನುವಾರ ಮಧ್ಯಾಹ್ನ ಕಾಲೇಜಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ನಾನೊಬ್ಬನೇ ಹೋಗಿ ಬಾಗಿಲು ತೆರೆದೆ. ಯಾಕೆ ಹೋದೆ? ನಿನ್ನ ಮಾತು ಸುಳ್ಳೆಂದು ಖಾತ್ರಿ ಮಾಡಿಕೊಳ್ಳಲು ಎಂದುಕೊಂಡು ಹೋದೆ. ಮೀನನ್ನು ತಟ್ಟೆಯಲ್ಲಿ ಅಂಗಾತ ಮಲಗಿಸಿ ಕತ್ತರಿ ಹಾಕಿದೆ.

ಆರು ಇದ್ದವು. ಗೇಣಿಗಿಂತ ಚಿಕ್ಕವು. ಮೊಟ್ಟೆಯಲ್ಲ, ಮೊಟ್ಟೆಯಂಥದ್ದೂ ಅಲ್ಲ; ಕಣ್ಣು, ಕಿವಿರು, ಬೆನ್ನಿನ ರೆಕ್ಕೆ, ಎಲ್ಲ ಇದ್ದ ಪೂರ್ತಿ ಮೀನುಗಳು. ಪ್ರತಿಯೊಂದರ ಎದೆಯ ಹತ್ತಿರದಿಂದ ಒಂದು ಬಳ್ಳಿ ಹೊರಟು ತಾಯಿಯ ಒಳಗೋಡೆಗೆ ಅಂಟಿತ್ತು. ಹೊಕ್ಕುಳಬಳ್ಳಿ. ನನ್ನ ಹೆಂಡತಿಗೆ ಆಗಷ್ಟೇ ಮೊದಲ ಹೆರಿಗೆಯಾಗಿತ್ತು, ಸೂಲಗಿತ್ತಿ ಬಳ್ಳಿ ಕೊಯ್ದದ್ದನ್ನು ನಮ್ಮವ್ವ ಹೇಳಿದ್ದಳು. ಅದೇ ಬಳ್ಳಿ ಮೀನಿನಲ್ಲಿ! ಫಾರ್ಮಲಿನ್ನಿಗೆ ಕಣ್ಣು ಉರಿಯುತ್ತಿದ್ದವು, ನೀರು ಸುರಿಯುತ್ತಿತ್ತು. ಅದು ಬರೀ ಫಾರ್ಮಲಿನ್ನಿನ ನೀರು ಎಂದು ಆಗ ಅಂದುಕೊಂಡೆ.

ಇಷ್ಟು ಕಂಡ ಮನುಷ್ಯ ಏನು ಮಾಡಬೇಕಿತ್ತು? ಸೋಮವಾರ ತಟ್ಟೆಯನ್ನು ಹಾಗೇ ತರಗತಿಗೆ ಒಯ್ದು, ಮೆಹರುನ್ನಿಸಾ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎನ್ನಬೇಕಿತ್ತು. ಹಾಗೇ ಮಾಡುತ್ತೇನೆ ಎಂದುಕೊಂಡೇ ಬಳ್ಳಿಗಳನ್ನು ಬಿಡಿಸಿದೆ. ಬಿಡಿಸುತ್ತ ಬಿಡಿಸುತ್ತ ಎಲ್ಲೋ ಮನಸ್ಸು ತಿರುಗಿತು — ಎಲ್ಲಿ ಎಂದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕೈ ಮಾತ್ರ ನೆನಪಿದೆ. ಆರೂ ಮರಿಗಳನ್ನು ಒಂದು ಸೀಸೆಗೆ ಹಾಕಿ ಔಷಧ ತುಂಬಿದೆ. ತಾಯಿಯ ಹೊಟ್ಟೆಗೆ ಹತ್ತಿ ತುರುಕಿ, ಮೊದಲಿದ್ದಷ್ಟೇ ಉಬ್ಬುವ ಹಾಗೆ ನೋಡಿಕೊಂಡು, ಚೀಲ ಹೊಲಿಯುವ ದಬ್ಬಣದಿಂದ ಹೊಲಿದೆ. ಹೊಲಿಗೆ ಗೋಡೆಯ ಕಡೆ ಬರುವಂತೆ ಬರಣಿಯಲ್ಲಿ ಇಳಿಸಿದೆ. ಸೀಸೆಯನ್ನು ಚೀಲದಲ್ಲಿಟ್ಟು ಮನೆಗೆ ತಂದು ಪುಸ್ತಕಗಳ ಹಿಂದೆ ಸರಿಸಿದೆ. ಇದಿಷ್ಟನ್ನೂ ಬಹಳ ಅಚ್ಚುಕಟ್ಟಾಗಿ ಮಾಡಿದೆ.

ಅಷ್ಟರಲ್ಲಿ ನಿನಗೆ ಹೆಸರು ಬಿದ್ದಿತ್ತು. ಬಸ್ ನಿಲ್ದಾಣದಲ್ಲಿ ನೀನು ಇಳಿದರೆ ಸಾಕು, “ಬಸುರಿ ಮೀನಾ ಬಂತಲೇ!” ಎಂದು ಕೂಗುತ್ತಿದ್ದರು. ನನಗೂ ಕೇಳಿಸಿದೆ, ಒಮ್ಮೆಯಲ್ಲ. ಒಂದು ಸಲ ಗದರಿಸಿದೆ ಕೂಡ. ಗದರಿಸಿದಾಗ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಬಂತು, ಎಂಥ ಸೋಜಿಗ ನೋಡು! ಕೂಗನ್ನು ಹುಟ್ಟಿಸಿದವನೂ ನಾನೇ, ಅದನ್ನು ನಿಲ್ಲಿಸುವ ಸೀಸೆ ಇದ್ದದ್ದೂ ನನ್ನ ಮನೆಯಲ್ಲೇ.

ತಿಂಗಳಾದ ಮೇಲೆ ಜರ್ನಲ್ಲುಗಳು ಸಹಿಗೆ ಬಂದವು. ಆ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು: ವರ್ಷವಿಡೀ ಬರೆದ ಪ್ರಯೋಗದ ಪುಸ್ತಕಕ್ಕೆ ಅಧ್ಯಾಪಕರ ಸಹಿ ಬೀಳದಿದ್ದರೆ ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ನಿನ್ನ ಪುಸ್ತಕದಲ್ಲಿ ಶಾರ್ಕ್ ಚಿತ್ರ ಪುಟ ತುಂಬ ಇತ್ತು. ಹೊಟ್ಟೆಯ ಒಳಗೆ ಮರಿಗಳನ್ನು ಬರೆದಿದ್ದೆ, ಬಳ್ಳಿಗಳ ಸಮೇತ. ಕೆಳಗೆ ಪೆನ್ಸಿಲ್ಲಿನಲ್ಲಿ ಕನ್ನಡದ ಎರಡು ಸಾಲು: ‘ತಾಯಿಯನ್ನು ಹಿಡಿದರೆ ಮರಿಗಳೂ ಹೋದವು. ಹೀಗಾದರೆ ಮುಂದೆ ಎಲ್ಲಿಂದ ಬರಬೇಕು?’

ನಿನ್ನನ್ನು ಕರೆಸಿದೆ. ಇದನ್ನು ಹೊಡೆದುಹಾಕು, ನೋಟ್ಸಿನಲ್ಲಿ ಇದ್ದ ಹಾಗೆ ಬರೆ, ಸಹಿ ಮಾಡುತ್ತೇನೆ ಎಂದೆ. ನೀನು ಆ ಪುಟವನ್ನು ನನ್ನ ಕಡೆಗೆ ಸರಿಸಿದೆ. ಅಳಲಿಲ್ಲ.

“ನೀವ ಹೊಡೀರಿ ಸರ್. ನನಗ ಹೊಡಿಯಾಕ ಆಗಂಗಿಲ್ಲ.”

ಕೆಂಪು ಶಾಯಿಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದೆ. ತಪ್ಪೆಂದು ತಿಳಿದು ಎಳೆದ ಗೆರೆಯಲ್ಲ ಅದು. ಸರಿ ಎಂದು ಗೊತ್ತಿದ್ದೂ ಎಳೆದದ್ದು. ಇಷ್ಟು ಹೇಳಲೆಂದೇ ಇದೆಲ್ಲ ಬರೆಯುತ್ತಿರುವುದು ಎಂದು ಈಗ ಅನ್ನಿಸುತ್ತಿದೆ. ಆಮೇಲೆ ಕೆಳಗೆ ಸಹಿ ಮಾಡಿ ಪುಸ್ತಕ ಚಾಚಿದೆ. ನೀನು ತೆಗೆದುಕೊಳ್ಳದೆ ಹೊರಟೆ. ಮರುದಿನದಿಂದ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ. ನಿನ್ನ ಜರ್ನಲ್ಲು ನನ್ನ ಹತ್ತಿರವೇ ಉಳಿಯಿತು.

ಆ ಬೇಸಿಗೆಯಲ್ಲಿ ಸಂತೆಯಲ್ಲಿ ನಿನ್ನ ತಂದೆಯ ಅಂಗಡಿಯ ಮುಂದೆ ನಿಂತೆ. ಲಿಂಗಾಯತರ ಮಾಸ್ತರು ಒಣಮೀನಿನ ರಾಶಿಯ ಮುಂದೆ ನಿಂತದ್ದನ್ನು ಸಂತೆಯೆಲ್ಲ ನೋಡಿತು. ಖಾದರಸಾಬರು ಗಡಬಡಿಸಿ ಎದ್ದು, ತಾವು ಕುಳಿತಿದ್ದ ಗೋಣಿಯನ್ನು ಝಾಡಿಸಿ ಹಾಸಿದರು.

“ಬರ್ರಿ ಸರ್, ಕುಂದರ್ರಿ. ಹುಡುಗಿ ಎದುರು ಮಾತಾಡಿದ್ದಕ್ಕ ಬಂದೀರೇನ್ರಿ? ತಪ್ಪಾತ್ರಿ. ನಾನೂ ಬೈದೇನಿ ಆಕೀಗೆ.”

ಅವಳು ಹೇಗಿದ್ದಾಳೆ, ಕಾಲೇಜು ಯಾಕೆ ಬಿಟ್ಟಳು ಎಂದು ಕೇಳಿದೆ. ಹಾನಗಲ್ಲಿನ ಕಡೆ ಸಂಬಂಧ ಕೂಡಿಬಂದಿದೆ ಎಂದರು. ಆಮೇಲೆ ದನಿ ಇಳಿಸಿ ಅವರು ಹೇಳಿದ್ದು —

“ಇಪ್ಪತ್ತು ವರ್ಷಾತ್ರಿ ಆ ದಂಡಿಗೆ ಹೋಗಿ ಬರಾಕತ್ತೇನಿ. ಹೊಟ್ಟ್ಯಾಗ ಮರಿ ಇದ್ದದ್ದು ಕಣ್ಣಾರೆ ನೋಡೇನಿ ಅಂತನ ತಿಳಕೊಂಡಿದ್ದೆ. ಆಕೀಗೂ ನಾನ ಹೇಳಿದ್ದೆ. ಆದ್ರ ನೀವು ಓದಿದವ್ರು ಇಲ್ಲ ಅಂದ್ರಿ ಅಂದಮ್ಯಾಲ... ಅದು ದೊಡ್ಡ ಮೀನ ಸಣ್ಣ ಮೀನ ನುಂಗಿದ್ದಿರಬೇಕು ಬಿಡ್ರಿ. ನಮಗೇನು ತಿಳಿತೈತಿ.”

ಅವರು ಕೈಯಲ್ಲಿ ಒಂದು ಒಣಗಿದ ತುಂಡನ್ನು ತಿರುಗಿಸುತ್ತಿದ್ದರು. ಇಪ್ಪತ್ತು ವರ್ಷ ನೋಡಿದ ಕಣ್ಣನ್ನು ನನ್ನ ಒಂದು ಚೇಷ್ಟೆಯ ಮಾತಿಗೆ ಆ ಮನುಷ್ಯ ಸುಳ್ಳು ಮಾಡಿಕೊಂಡುಬಿಟ್ಟಿದ್ದರು. ಆಗಲಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನಾನು ಹೇಳಿದ್ದು, “ಇರಬಹುದು ಬಿಡ್ರಿ ಸಾಬರ.” ಹೇಳಿ, ಅವರು ತರಿಸಿಕೊಟ್ಟ ಚಹಾ ಕುಡಿದು ಬಂದೆ.

ಆಮೇಲಿನ ವರ್ಷಗಳಲ್ಲಿ ನಾನು ಶಾರ್ಕ್ ಬಗ್ಗೆ ಓದತೊಡಗಿದೆ. ಪ್ರಾಯಶ್ಚಿತ್ತ ಎಂದು ಹೇಳಲು ಧೈರ್ಯವಿಲ್ಲ. ಹುಣ್ಣನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಚಟ ಅಷ್ಟೇ. ರಜೆಯಲ್ಲಿ ಧಾರವಾಡಕ್ಕೆ ಹೋಗಿ ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಕೆಲವು ಶಾರ್ಕ್‌ಗಳು ಮೊಟ್ಟೆ ಇಡುತ್ತವೆ. ಕೆಲವುಗಳಲ್ಲಿ ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿ ಬರುತ್ತದೆ. ಇನ್ನು ಕೆಲವು ನಮ್ಮಂತೆಯೇ ಬಳ್ಳಿಯಲ್ಲಿ ಉಣಿಸಿ ಸಾಕುತ್ತವೆ. ಬೇರೆ ಮೀನುಗಳ ಹಾಗೆ ಸಾವಿರ ಲಕ್ಷದ ಸಂತಾನವಲ್ಲ ಅವುಗಳದ್ದು. ಬೆರಳಲ್ಲಿ ಎಣಿಸುವಷ್ಟು ಮರಿ, ತಿಂಗಳುಗಟ್ಟಲೆ ಬಸಿರು, ದೊಡ್ಡ ಜಾತಿಗಳಲ್ಲಿ ಮರಿ ತಾಯಾಗುವ ಹೊತ್ತಿಗೆ ಎಷ್ಟೋ ವರ್ಷ. ಹಿಡಿಯುವ ಕೈ ಮುಂದಾದರೆ ಹುಟ್ಟುವ ಮರಿ ಸಾಲುವುದಿಲ್ಲ. ದಪ್ಪ ಪುಸ್ತಕಗಳು ಪುಟಗಟ್ಟಲೆ ಹೇಳಿದ್ದನ್ನು ನೀನು ಪೆನ್ಸಿಲ್ಲಿನ ಎರಡು ಸಾಲಿನಲ್ಲಿ ಬರೆದಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಒಂದೇ ತಪ್ಪಿನವನಾಗಿ ಉಳಿಯುತ್ತಿದ್ದೆ. ಎಂಬತ್ತರ ದಶಕದ ನಡುವೆ ಹಿರೇಕೆರೂರಿನಲ್ಲಿ ಒಂದು ವಿಜ್ಞಾನ ಪ್ರದರ್ಶನವಾಯಿತು. ಏನಾದರೂ ಹೊಸದು ತನ್ನಿ ಎಂದರು. ಪುಸ್ತಕಗಳ ಹಿಂದಿದ್ದ ಸೀಸೆಯನ್ನು ಹೊರಗೆ ತೆಗೆದೆ. ಒಯ್ಯುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಾರ್ಡಿನ ಮೇಲೆ ನಿನ್ನ ಹೆಸರು ಬರೆಯುತ್ತೇನೆ ಎಂದೇ ಅಂದುಕೊಂಡಿದ್ದೆ. ನಿಜ, ಅಂದುಕೊಂಡಿದ್ದೆ. ಅಲ್ಲಿ ಕಾರ್ಡು ಕೊಟ್ಟಾಗ ಅದರಲ್ಲಿ ಮೊದಲೇ ಅಚ್ಚಾಗಿತ್ತು, ‘ಸಂಗ್ರಹಿಸಿದವರು’ ಎಂದು. ನಾನು ನನ್ನ ಹೆಸರು ಬರೆದೆ. ಗೋಡೆಗೆ ಹಚ್ಚಿದ ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದೆ: ತಾಯಿಯನ್ನು ಹಿಡಿದರೆ ಮರಿಗಳೂ ಹೋದವು. ಸಮುದ್ರವೇ ಇಲ್ಲದ ಸೀಮೆಯಲ್ಲಿ ಇಂಥ ಕಾಳಜಿ ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಮೊದಲ ಬಹುಮಾನ ಕೊಟ್ಟರು.

ಎರಡನೆಯ ದಿನ ಮಧ್ಯಾಹ್ನ ನೀನು ಬಂದೆ. ಯಾವುದೋ ಮದುವೆಗೆ ಬಂದವರು, ಹಾಗೇ ಮಗುವಿಗೆ ತೋರಿಸಲು ಒಳಗೆ ಬಂದಿರಬೇಕು. ಐದಾರು ವರ್ಷದ ಮಗಳ ಕೈ ಹಿಡಿದಿದ್ದೆ. ಗುರುತು ಹತ್ತಿದ್ದು ನಿನ್ನ ನಿಲುವಿನಿಂದ; ಬಗ್ಗಿ ನೋಡುವ ಆ ರೀತಿಯಿಂದ. ಸೀಸೆಯನ್ನು ನೋಡಿದೆ. ತುಟಿ ಅಲುಗಿದವು, ಎಣಿಸುತ್ತಿದ್ದೆ. ಕಾರ್ಡು ಓದಿದೆ. ಗೋಡೆಯ ಹಾಳೆ ಓದಿದೆ. ಆಮೇಲೆ ನನ್ನನ್ನು ನೋಡಿದೆ. ಬೈಯಲಿ, ಎಲ್ಲರ ಎದುರು ಸೀಸೆ ಎತ್ತಿ ಕುಕ್ಕಲಿ ಎಂದು ಕಾದೆ.

ಅದುವರೆಗೆ ಮಗುವಿನ ಜೊತೆ ಉರ್ದುವಿನಲ್ಲಿ ಮಾತಾಡುತ್ತಿದ್ದವಳು ಆ ಮಾತನ್ನು ಮಾತ್ರ ಕನ್ನಡದಲ್ಲಿ ಹೇಳಿದೆ:

“ನೋಡು ಬೇಟಾ, ಈ ಮೀನ ಮೊಟ್ಟಿ ಇಡಂಗಿಲ್ಲ, ಮರಿ ಹಾಕತೈತಿ. ಇವರು ನಮ್ಮ ಸರ್. ಇವರ ನಮಗ ಕಲಿಸಿದ್ದು.”

“ಬರ್ತೇವ್ರಿ ಸರ್,” ಎಂದು ಹೋದೆ.

ಅದೇನು, ಮೆಹರುನ್ನಿಸಾ? ಇವತ್ತಿಗೂ ನನಗೆ ಬಿಡಿಸಲಾಗಿಲ್ಲ. ನನಗೆ ಕೇಳಲೆಂದು ಕನ್ನಡದಲ್ಲಿ ಆಡಿದ ಮೂದಲಿಕೆಯೇ? ಕ್ಷಮೆಯೇ? ಅಥವಾ, ಇದನ್ನು ನೆನೆದರೇ ಹೆದರಿಕೆಯಾಗುತ್ತದೆ, ನಿನ್ನ ತಂದೆಯಂತೆ ನೀನೂ ನಿನ್ನ ಕಣ್ಣನ್ನು ಬಿಟ್ಟುಕೊಟ್ಟು, ಇದನ್ನು ನಾನೇ ಕಲಿಸಿದ್ದೆಂದು ನಂಬಿಬಿಟ್ಟಿದ್ದೆಯಾ? ಒಂದೊಂದು ದಿನ ಒಂದೊಂದು ನಿಜವೆನಿಸುತ್ತದೆ. ಮೂದಲಿಕೆಯಾಗಿರಲಿ ಎಂದೇ ನನ್ನ ಆಸೆ.

ಆ ಸಲ ರಜೆಯಲ್ಲಿ ಮೊದಲ ಬಾರಿಗೆ ಕಾರವಾರಕ್ಕೆ ಹೋದೆ. ನಾನು ಹೇಳುತ್ತಿದ್ದ ಕಥೆಯ ಸಮುದ್ರ ಅಲ್ಲಿರಲಿಲ್ಲ. ದಂಡೆಯಲ್ಲಿ ಮೀನು ಸೀಳುತ್ತಿದ್ದ ಮುದುಕಿಯೊಬ್ಬಳು ಒಂದು ಶಾರ್ಕಿನ ಹೊಟ್ಟೆ ತೆರೆದಳು, ನಾಲ್ಕು ಮರಿ ಹೊರಬಿದ್ದವು. ಎರಡು ಇನ್ನೂ ಅಲುಗುತ್ತಿದ್ದವು. ಅವಳು ಅವನ್ನು ಬೊಗಸೆಯಲ್ಲಿ ಒಯ್ದು ನೀರಿಗೆ ಬಿಟ್ಟು ಬಂದಳು. ಬದುಕುತ್ತವೆಯೇ ಎಂದು ಕೇಳಿದೆ. “ಗೊತ್ತಿಲ್ಲ. ನನ್ನ ಅತ್ತೆ ಬಿಡ್ತಿದ್ದಳು, ನಾನೂ ಬಿಡ್ತೆ,” ಎಂದಳು. “ಮೊದಲು ಒಂದು ಮೀನನ್ನ ಇಬ್ಬರು ಹೊರಬೇಕಿತ್ತು. ಈಗ ಒಂದೇ ಬುಟ್ಟೀಲಿ ಹತ್ತು ಹಿಡೀತವೆ.” ಗೊತ್ತಿಲ್ಲ ಎನ್ನುವುದು ಅವಳಿಗೆ ಎಷ್ಟು ಸುಲಭವಾಗಿತ್ತು.

ಹೋದ ತಿಂಗಳು ಸಂತೆಯಲ್ಲಿ ಖಾದರಸಾಬರ ಜಾಗದಲ್ಲಿ ಬೇರೆಯವರು ಕುಳಿತಿದ್ದರು. ತೀರಿಹೋದರೆಂದು ತಿಳಿಯಿತು. ಅವರಿಗೆ ನೀನು ಹೇಳಿದ್ದೆಯಾ — ಸೀಸೆ ನೋಡಿ ಬಂದೆ, ನೀವು ಕಂಡದ್ದು ಖರೆ ಎಂದು? ಹೇಳಿದ್ದರೆ ನನ್ನ ಭಾರ ಒಂದು ತೂಕ ಇಳಿಯುತ್ತದೆ. ಹೇಳಿರದಿದ್ದರೆ, ಆ ಮನುಷ್ಯ ತನ್ನ ಕಣ್ಣು ತನಗೆ ಸುಳ್ಳು ಹೇಳಿತು ಎಂದುಕೊಂಡೇ ಮಣ್ಣಿಗೆ ಹೋದರು. ಅದಕ್ಕೆ ಈಗ ಮಾಡುವಂಥದ್ದು ಏನೂ ಇಲ್ಲ.

ಸೀಸೆಯನ್ನು ಪ್ರಯೋಗಶಾಲೆಗೆ ಒಯ್ದು ತಾಯಿಯ ಬರಣಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಬರಣಿಯನ್ನು ತಿರುಗಿಸಿದ್ದೇನೆ, ದಬ್ಬಣದ ಹೊಲಿಗೆ ಈಗ ಎಲ್ಲರಿಗೂ ಕಾಣುತ್ತದೆ. ಮಕ್ಕಳು ಇದೇನು ಸರ್ ಎಂದು ಕೇಳಿದರು, ಹೇಳಿದೆ. ಹಳದಿ ನೋಟ್ಸಿನ ಆ ಸಾಲನ್ನು ಅದೇ ಕೆಂಪು ಶಾಯಿಯಲ್ಲಿ ಹೊಡೆದಿದ್ದೇನೆ. ನಿನ್ನ ಪುಟದ ಮೇಲಿನ ಗೆರೆಯನ್ನು ಅಳಿಸಲು ನೋಡಿದೆ, ಹಾಳೆ ಹರಿಯತೊಡಗಿತು, ಬಿಟ್ಟೆ. ಬರುವ ಸೋಮವಾರ ಆ ಜರ್ನಲ್ಲು ಹಿಡಿದುಕೊಂಡು ಹಾನಗಲ್ಲಿಗೆ ಬರುತ್ತೇನೆ. ನಿನ್ನ ಮಗಳು ಮನೆಯಲ್ಲಿರುವ ಹೊತ್ತಿಗೆ ಬರಬೇಕೆಂದಿದ್ದೇನೆ, ಅವಳಿಗೂ ಹೇಳಬೇಕಾದ್ದಿದೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಸೇರಿದ್ದು.

ಸೀಸೆಯ ಮೇಲೆ ಹೊಸ ಕಾರ್ಡು ಅಂಟಿಸಿದ್ದೇನೆ. ಅದರಲ್ಲಿ ಹೀಗಿದೆ: ‘ಈ ಮೀನು ಬಸುರಿ ಎಂದು ಹೇಳಿದವಳು ಸವಣೂರಿನ ಮೆಹರುನ್ನಿಸಾ, ಖಾದರಸಾಬರ ಮಗಳು. ಇಲ್ಲ ಎಂದವನು ನಾನು.’ ಕೆಳಗೆ ನನ್ನ ಸಹಿ ಇದೆ.